ಹದಿನೈದು ನಡೀತಾ ಇದೆ

ಯಾವ ಸಭೆಯಲ್ಲೇ ಆಗಲಿ, ‘ಯಾರಾದರೂ ಎರಡು ಮಾತು ಹೇಳ್ತೀರಾ?’ ಅಂತ ನನ್ನ ಎದುರಿಗೆ ಕೇಳಬಾರದು. ಕೇಳಿದರೆ ನನ್ನ ಬಲಗೈ ನನ್ನ ಒಪ್ಪಿಗೆಗೂ ಕಾಯದೆ ಮೇಲೇಳುತ್ತದೆ. ಕೈ ಎದ್ದ ಮೇಲೆ ಬಾಯಿ ಸುಮ್ಮನಿರುತ್ತದೆಯೇ? ಹೀಗೆ ಎರಡು ಮಾತು ಹೇಳಲು ಹೋಗಿಯೇ ನಾನು ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ನೀರಿನ ಟ್ಯಾಂಕ್ ತೊಳೆಸುವ ಉಸ್ತುವಾರಿಗೆ ಸಿಕ್ಕಿಬಿದ್ದೆ. ಇಲ್ಲಿನ ಕನ್ನಡಿಗರು ಸೇರಿ ಮಾಡುವ ರಾಜ್ಯೋತ್ಸವದಲ್ಲಿ ಕೇಸರಿಬಾತಿನ ಜವಾಬ್ದಾರಿ ನನ್ನ ತಲೆಗೆ ಬಂದದ್ದೂ ಹೀಗೆಯೇ. ಆ ವರ್ಷದ ಕೇಸರಿಬಾತನ್ನು ಸೌಟಿನಿಂದ ಬಡಿಸಲಾಗದೆ ಚಾಕುವಿನಿಂದ ಕತ್ತರಿಸಿ ಕೊಡಬೇಕಾಯಿತು ಎನ್ನುವುದನ್ನು ಅಹಮದಾಬಾದಿನ ಕನ್ನಡಿಗರು ಇನ್ನೂ ಮರೆತಿಲ್ಲ. ನನ್ನ ಹೆಂಡತಿ ಸುಮಾ ಈಗ ಯಾವುದೇ ಸಭೆಗೆ ಬಂದರೂ ನನ್ನ ಬಲಗಡೆಯೇ ಕೂರುತ್ತಾಳೆ. ಕೈ ಎದ್ದರೆ ಹಿಡಿದು ಎಳೆಯಲು ಅನುಕೂಲ ಅಂತ.

ಅವತ್ತು ನಮ್ಮ ಮಗಳ ಶಾಲೆಯ ಸಭೆಯಲ್ಲೂ ಬಲಗಡೆಯೇ ಕೂತಿದ್ದಳು. ಏನು ಪ್ರಯೋಜನವಾಯಿತು, ಬಿಡಿ. ಮಗಳ ಹೆಸರು ಮೇಘನಾ, ಮನೆಯಲ್ಲಿ ಪುಟ್ಟಿ, ಒಂಬತ್ತನೇ ಕ್ಲಾಸು. ನಾನು ತಿಪಟೂರಿನವನು, ಸುಮಾ ದಾವಣಗೆರೆಯವಳು, ಮಗಳು ಎಲ್ಲಿಯವಳು ಎನ್ನುವುದನ್ನು ಬ್ಯಾಂಕಿನ ಟ್ರಾನ್ಸ್‌ಫರ್ ವಿಭಾಗವೇ ಹೇಳಬೇಕು. ಅವಳು ತೊದಲು ಮಾತಾಡಿದ್ದು ಸೂರತ್‌ನಲ್ಲಿ, ಹಲ್ಲು ಬಿದ್ದು ಮತ್ತೆ ಬಂದಿದ್ದು ವಡೋದರಾದಲ್ಲಿ, ಈಗ ಇಲ್ಲಿ ಸ್ಯಾಟಲೈಟ್ ಅನ್ನುವ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ ನನಗಿಂತ ಎತ್ತರ ಬೆಳೆಯುವ ಹುನ್ನಾರದಲ್ಲಿದ್ದಾಳೆ. ಅವಳ ಕನ್ನಡದಲ್ಲಿ ಬಸ್ಸು ಹೋಗುತ್ತಾಳೆ, ಫ್ಯಾನು ತಿರುಗುತ್ತಾನೆ. ಆದರೂ ನಮ್ಮ ಪುಟ್ಟಿ ಸುಳ್ಳು ಹೇಳುವವಳಲ್ಲ. ಯಾರಾದರೂ ಏನಾದರೂ ಕೇಳಿದರೆ ಸ್ವಲ್ಪ ಹೊತ್ತು ಯೋಚಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಾಳೆ. ಈ ಗುಣ ನಮ್ಮ ಮನೆತನದಲ್ಲಿ ಯಾರಿಂದ ಬಂತೋ ನನಗೆ ಗೊತ್ತಿಲ್ಲ, ನನ್ನಿಂದಂತೂ ಅಲ್ಲ.

ಸಭೆಯ ವಿಷಯ ಏನಪ್ಪಾ ಅಂದರೆ, ಬೇರೆ ಬೇರೆ ದೇಶಗಳ ಹದಿನೈದು ವರ್ಷದ ಮಕ್ಕಳು ಬರೆಯುವ ಒಂದು ಪರೀಕ್ಷೆ ಇದೆಯಂತೆ. ಮೊದಲೆಲ್ಲ ದೇಶಕ್ಕೆ ದೇಶವೇ ಸೇರಬೇಕಿತ್ತಂತೆ, ಈಗ ಇಷ್ಟವಿದ್ದರೆ ಒಂದೊಂದು ಶಾಲೆಯೂ ತಾನೇ ಸೇರಬಹುದಂತೆ. ಬಾಯಿಪಾಠ ಕೇಳುವುದಿಲ್ಲ, ಓದಿದ್ದು ಅರ್ಥವಾಗಿದೆಯೇ, ಲೆಕ್ಕವನ್ನು ಬದುಕಿನಲ್ಲಿ ಬಳಸಲು ಬರುತ್ತದೆಯೇ ಅಂತ ನೋಡುತ್ತಾರೆ. ನಮ್ಮ ಶಾಲೆ ಸೇರಬೇಕೋ ಬೇಡವೋ, ಪೋಷಕರು ಹೇಳಿ ಅಂತ ಪ್ರಿನ್ಸಿಪಾಲ್ ಮೇಡಂ ಕೇಳಿದರು. ಒಬ್ಬ ತಾಯಿ ಎದ್ದು, ಇದರ ಮಾರ್ಕ್ಸು ಕಾಲೇಜು ಅಡ್ಮಿಷನ್‌ಗೆ ಬರುತ್ತದೆಯೇ ಅಂದರು. ಮೇಡಂ ನಕ್ಕು, ಮಕ್ಕಳಿಗೆ ಬೇರೆ ಬೇರೆಯಾಗಿ ಮಾರ್ಕ್ಸೇ ಇಲ್ಲ, ಇಡೀ ಶಾಲೆ ಹೇಗಿದೆ ಅಂತ ಮಾತ್ರ ಹೇಳುತ್ತಾರೆ ಅಂದರು. ಮಾರ್ಕ್ಸಿಲ್ಲದ ಪರೀಕ್ಷೆ! ಉಪ್ಪಿಲ್ಲದ ಸಾರು ಬಡಿಸಿದಂತೆ ಎಲ್ಲರ ಮುಖ ಸಪ್ಪಗಾಯಿತು.

ಆಗ ಎದ್ದವರು ಹಸಮುಖಭಾಯಿ. ನಮ್ಮ ಮೇಲಿನ ಮನೆಯವರು, ಅವರ ಮಗನೂ ಇದೇ ಶಾಲೆ. ಸೂರತ್‌ನ ಕತಾರ್‌ಗಾಮ್‌ನಲ್ಲಿ ಅವರದ್ದೊಂದು ವಜ್ರ ಸಾಣೆ ಹಿಡಿಯುವ ಕಾರ್ಖಾನೆ ಇದೆ, ಈಗ ಅಣ್ಣತಮ್ಮಂದಿರು ನೋಡಿಕೊಳ್ಳುತ್ತಾರೆ. ಅವರು ಯಾವ ವಿಷಯ ಬಂದರೂ ಮೊದಲು ಕೇಳುವುದು ಒಂದೇ, “ಎಮಾ ಫಾಯ್ದೊ ಶು?” ಇದರಿಂದ ಲಾಭವೇನು ಅಂತ. “ಮೇಡಂ, ಹೀರಾ ತೂಗಿದರೆ ದರ ಗೊತ್ತಾಗುತ್ತದೆ. ನೀವು ನಮ್ಮ ಮಕ್ಕಳನ್ನು ಸಿಂಗಾಪುರದವರ ಜೊತೆ ತಕ್ಕಡಿಗೆ ಹಾಕುತ್ತೀರಿ, ದರ ಹೇಳುವುದಿಲ್ಲ ಅನ್ನುತ್ತೀರಿ. ಹಾಗಾದರೆ ತೂಗುವುದು ಯಾಕೆ?” ಅಂದರು. ಇನ್ನೊಬ್ಬರು, ಸೇರುವುದಾದರೆ ಆರು ತಿಂಗಳು ಸ್ಪೆಷಲ್ ಕೋಚಿಂಗ್ ಕೊಡಿಸಿ, ಶಾಲೆಯ ಹೆಸರು ಬಂದರೆ ಗೇಟಿನ ಮೇಲೆ ದೊಡ್ಡ ಬೋರ್ಡು ಹಾಕಿಸೋಣ ಅಂದರು. ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ, ಸ್ವಲ್ಪ ವೀಕ್ ಇರುವ ಮಕ್ಕಳು ಅವತ್ತು ಒಂದು ದಿನ ರಜಾ ಹಾಕಿದರೆ ಎಲ್ಲರಿಗೂ ಒಳ್ಳೆಯದಲ್ಲವೇ ಅಂತಲೂ ಅಂದರು. ಅಷ್ಟು ಹೊತ್ತಿಗೆ ಮೇಡಂ ಆ ಪ್ರಶ್ನೆ ಕೇಳಿಯೇ ಬಿಟ್ಟರು. “ಇನ್ಯಾರಾದರೂ ಎರಡು ಮಾತು...?”

ಕೈ ಎದ್ದಿತು. ಸುಮಾ ತೋಳು ಹಿಡಿದು ಎಳೆದಳು. “ರೀ, ಒಂದ್ನಿಮಿಷ. ನಮ್ಮ ಪುಟ್ಟಿಗೆ...” ಅಂತ ಏನೋ ಹೇಳಲು ಬಂದಳು. “ಆಮೇಲೆ ಹೇಳು ಮಾರಾಯ್ತಿ” ಅಂತ ತೋಳು ಬಿಡಿಸಿಕೊಂಡು ಎದ್ದೆ.

ಅವತ್ತು ನಾನು ಆಡಿದ ಮಾತು ನೆನೆಸಿಕೊಂಡರೆ ಈಗಲೂ ನನಗೇ ಹೆಮ್ಮೆಯಾಗುತ್ತದೆ, ಜೊತೆಗೆ ನಾಚಿಕೆಯೂ ಆಗುತ್ತದೆ. “ನನ್ನ ಮಗಳಿಗೂ ಹದಿನೈದು ನಡೀತಾ ಇದೆ. ಅವಳೂ ಬರೆಯಲಿ. ಶಾಲೆ ಸೇರಲಿ. ಆದರೆ ಬೋರ್ಡಿಗಾಗಿ ಅಲ್ಲ, ನಾವು ಎಲ್ಲಿದ್ದೇವೆ ಅಂತ ನಮಗೆ ಗೊತ್ತಾಗಲಿಕ್ಕೆ” ಅಂತ ಶುರುಮಾಡಿದೆ. ಜ್ವರ ಎಷ್ಟಿದೆ ಅಂತ ನೋಡುವ ಮೊದಲು ಮಗುವಿನ ಬಾಯಿಗೆ ಐಸ್‌ಕ್ರೀಮ್ ಹಾಕಿ ಆಮೇಲೆ ಥರ್ಮಾಮೀಟರ್ ಇಟ್ಟರೆ ಮೋಸ ಯಾರಿಗೆ ಅಂತ ಕೇಳಿದೆ. ಕೋಚಿಂಗ್ ಬೇಡ, ತಯಾರಿ ಬೇಡ, ಯಾವ ಮಗುವನ್ನೂ ಮನೆಯಲ್ಲಿ ಕೂರಿಸುವುದು ಬೇಡ, ಇದ್ದ ಹಾಗೇ ಹೋಗಿ ಇದ್ದ ಹಾಗೇ ಬರೆಯಲಿ ಅಂದೆ. ನನ್ನ ಹಿಂದಿ ತಿಪಟೂರಿನಿಂದ ಹೊರಟು ಸೂರತ್ ಮಾರ್ಗವಾಗಿ ಬಂದದ್ದು. ಆದರೂ ಚಪ್ಪಾಳೆ ಬಿತ್ತು. ಹಸಮುಖಭಾಯಿಯೂ ತಟ್ಟಿದರು. ಹಾಗೇ ಆಗಲಿ ಅಂತ ತೀರ್ಮಾನವಾಗಿ, ನನ್ನನ್ನು ಪೋಷಕರ ಸಮಿತಿಗೂ ಹಾಕಿಬಿಟ್ಟರು. ಸುಮಾ ನಿಟ್ಟುಸಿರು ಬಿಟ್ಟಳು.

ಹೊರಡುವಾಗ ಬಾಗಿಲ ಹತ್ತಿರ ಮೇಡಂ ಸಿಕ್ಕರು. “ರಾವ್‌ಜಿ, ಬಹಳ ಚೆನ್ನಾಗಿ ಹೇಳಿದಿರಿ. ಆ ದಿನ ಮಕ್ಕಳಿಗೆ ಮನೆಯ ಬಗ್ಗೆಯೂ ಕೆಲವು ಪ್ರಶ್ನೆ ಇರುತ್ತವೆ. ಮನೆಯಲ್ಲಿ ಪುಸ್ತಕ ಇವೆಯೇ, ಓದಲು ಬೇರೆ ಮೇಜು ಇದೆಯೇ, ಮನೆಯಲ್ಲಿ ಯಾವ ಭಾಷೆ, ಅಪ್ಪ ಅಮ್ಮ ಜೊತೆಯಲ್ಲಿ ಕೂತು ಊಟ ಮಾಡುತ್ತಾರೆಯೇ, ಶಾಲೆಯ ವಿಷಯ ಮಾತಾಡುತ್ತಾರೆಯೇ, ಇಂಥವು. ಅದಕ್ಕೂ ತಯಾರಿ ಬೇಡ, ಅಲ್ಲವೇ?” ಅಂದರು. “ಬೇಡವೇ ಬೇಡ” ಅಂತ ಗಟ್ಟಿಯಾಗಿ ನಕ್ಕೆ. ಆ ನಗು ಪಾರ್ಕಿಂಗ್‌ವರೆಗೆ ಬಂತು, ಸ್ಕೂಟರ್ ಹತ್ತುವ ಹೊತ್ತಿಗೆ ಮಾಯವಾಗಿತ್ತು.

ಯಾಕೆ ಅಂದರೆ ದಾರಿಯುದ್ದಕ್ಕೂ ಆ ಪ್ರಶ್ನೆಗಳಿಗೆ ಪುಟ್ಟಿಯ ಪರವಾಗಿ ನಾನೇ ಉತ್ತರ ಹೇಳಿಕೊಳ್ಳತೊಡಗಿದೆ. ಪುಸ್ತಕ? ಇವೆ. ವಡೋದರಾ ಬಿಡುವಾಗ ಟೇಪ್ ಹಚ್ಚಿದ ರಟ್ಟಿನ ಪೆಟ್ಟಿಗೆಗಳಲ್ಲಿ ಭದ್ರವಾಗಿ ಇವೆ. ನಮ್ಮಂಥ ಟ್ರಾನ್ಸ್‌ಫರ್ ಸಂಸಾರಗಳಲ್ಲಿ ಎಲ್ಲ ಪೆಟ್ಟಿಗೆಗಳನ್ನೂ ಬಿಚ್ಚುವ ಪದ್ಧತಿಯಿಲ್ಲ. ಹೇಗೂ ಮತ್ತೆ ಕಟ್ಟಬೇಕಲ್ಲ ಅಂತ ಕುಕ್ಕರು, ದೇವರು ಮತ್ತು ಹಾಸಿಗೆ ಬಿಟ್ಟು ಉಳಿದದ್ದನ್ನು ಹಾಗೇ ಮಂಚದ ಕೆಳಗೆ ತಳ್ಳುತ್ತೇವೆ. ಮೇಜು? ಇದೆ, ಅದರ ಮೇಲೆ ಇಸ್ತ್ರಿ ಮಾಡುತ್ತೇವೆ. ಭಾಷೆ? ಅಮ್ಮ ಕನ್ನಡದಲ್ಲಿ ಬೈಯುತ್ತಾಳೆ, ಮಗಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ಸಿಟ್ಟು ಜಾಸ್ತಿಯಾದರೆ ಗುಜರಾತಿ. ಇದಿಷ್ಟಕ್ಕೂ ಹೆಂಗೋ ಸಮಾಧಾನ ಹೇಳಿಕೊಳ್ಳಬಹುದು. ಊಟದ ಪ್ರಶ್ನೆಗೆ ಮಾತ್ರ ಯಾವ ಸಮಾಧಾನವೂ ಸಿಗಲಿಲ್ಲ. ನಾನು ಬ್ಯಾಂಕಿನಿಂದ ಬರುವ ಹೊತ್ತಿಗೆ ಪುಟ್ಟಿಯ ಊಟ ಮುಗಿದಿರುತ್ತದೆ. ಅವಳು ಒಂದು ಕೈಯಲ್ಲಿ ಮೊಬೈಲು ಹಿಡಿದು, ಇನ್ನೊಂದು ಕೈಯಲ್ಲಿ ಕಲಸಿದ ಅನ್ನ ತಿಂದು, ತನ್ನ ಪಾಡಿಗೆ ರೂಮಿಗೆ ಹೋಗಿರುತ್ತಾಳೆ. ನಾನು ಬಾಗಿಲ ಸಂದಿಯಿಂದ “ಊಟ ಆಯ್ತಾ ಪುಟ್ಟಿ?” ಅನ್ನುತ್ತೇನೆ, ಅವಳು “ಹೂಂ” ಅನ್ನುತ್ತಾಳೆ. ನಮ್ಮಿಬ್ಬರ ನಡುವಿನ ಮಾತುಕತೆ ಎಂದರೆ ಅದೇ.

ನಿಜ ಹೇಳಬೇಕೆಂದರೆ ಶಾಲೆಯ ಮಾನ ಹೋಗುತ್ತದೆ ಅಂತ ನನಗೆ ಹೆದರಿಕೆಯಾಗಲಿಲ್ಲ. ಎಲ್ಲೋ ಒಂದು ಕಂಪ್ಯೂಟರ್ ಮುಂದೆ ನನ್ನ ಮಗಳು ಒಬ್ಬಳೇ ಕೂತಿರುತ್ತಾಳೆ. ‘ನಿನ್ನ ಅಪ್ಪ ನಿನ್ನ ಜೊತೆ ಕೂತು ಮಾತಾಡುತ್ತಾರೆಯೇ?’ ಅಂತ ಪ್ರಶ್ನೆ ಬರುತ್ತದೆ. ಅವಳು ಸ್ವಲ್ಪ ಹೊತ್ತು ಯೋಚಿಸುತ್ತಾಳೆ. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಒತ್ತಿಬಿಡುತ್ತಾಳೆ. ನನ್ನ ಹೆದರಿಕೆ ಅದು.

ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬ್ಯಾಂಕಿನಲ್ಲಿರುವವನಿಗೆ ಇನ್ಸ್‌ಪೆಕ್ಷನ್ ಎದುರಿಸುವುದು ಹೇಗೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ಸ್‌ಪೆಕ್ಟರ್ ಬರುತ್ತಾರೆ ಅಂದರೆ ನಿಂತ ಗಡಿಯಾರಕ್ಕೆ ಸೆಲ್ ಬೀಳುತ್ತದೆ, ಬಾಗಿಲ ಹತ್ತಿರ ಹೂಕುಂಡ ಬರುತ್ತದೆ, ವರ್ಷವಿಡೀ ಮುಖ ಸಿಂಡರಿಸಿಕೊಂಡಿದ್ದ ಕ್ಯಾಶಿಯರು ಗಿರಾಕಿಗೆ ಬನ್ನಿ ಕೂತ್ಕೊಳ್ಳಿ ಅನ್ನುತ್ತಾನೆ. ತಯಾರಿ ಬೇಡವೇ ಬೇಡ ಅಂತ ಚಪ್ಪಾಳೆ ಗಿಟ್ಟಿಸಿಕೊಂಡ ಮಹಾನುಭಾವ ಮಾರನೆಯ ದಿನವೇ ತಯಾರಿಗೆ ಇಳಿದ. ಮಂಚದ ಕೆಳಗಿನ ಪೆಟ್ಟಿಗೆ ಎಳೆದದ್ದೇ ಸುಮಾ ಅಡುಗೆಮನೆಯಿಂದ ಲಟ್ಟಣಿಗೆ ಸಮೇತ ಓಡಿಬಂದಳು. “ಅಯ್ಯೋ, ಟ್ರಾನ್ಸ್‌ಫರ್ ಬಂತೇನ್ರೀ? ಈಗ ಯಾವ ಊರು?” ಊರಲ್ಲ, ಪುಸ್ತಕ ಜೋಡಿಸೋಣ ಅಂತ ಅಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಪುಸ್ತಕಗಳು ಕಪಾಟಿಗೆ ಬಂದವು. ಇಸ್ತ್ರಿ ಮೇಜಿನಿಂದ ಇಳಿಯಿತು. ಅವತ್ತಿನ ಸಂಜೆ ಬ್ಯಾಂಕಿನಲ್ಲಿ ಕೆಲಸ ಉಳಿದಿದ್ದರೂ ಉಳಿದದ್ದು ನಾಳೆಗೆ ಅಂತ ಎದ್ದೆ. ನನ್ನ ಅಸಿಸ್ಟೆಂಟು, “ಸಾಹೇಬ್, ತಬಿಯತ್ ತೋ ಠೀಕ್ ಹೈ ನಾ?” ಅಂತ ಗಾಬರಿಯಿಂದ ನನ್ನ ಆರೋಗ್ಯ ವಿಚಾರಿಸಿದ.

ಮೊದಲ ದಿನದ ಊಟ ಒಂದು ಇಂಟರ್‌ವ್ಯೂ ಥರ ಇತ್ತು. ಮೂರು ತಟ್ಟೆ, ಮೊಬೈಲು ಒಳಗೆ, ಕನ್ನಡ ಮಾತ್ರ ಅಂತ ರೂಲ್ಸು. “ಇವತ್ತು ಸ್ಕೂಲಲ್ಲಿ ಏನಾಯ್ತು ಪುಟ್ಟಿ?” “ಏನಿಲ್ಲ.” “ಏನೂ ಇಲ್ವಾ?” “ಇಲ್ಲ.” ಕೊನೆಗೆ ಅವಳೇ ತಲೆಯೆತ್ತಿ, “ಅಪ್ಪಾ, ಬ್ಯಾಂಕ್ ಬಂದ್ ಆಗಿಹೋಯ್ತಾ?” ಅಂತ ಕೇಳಿದಳು. ನನಗೆ ಅನ್ನ ನೆತ್ತಿಗೆ ಹತ್ತಿತು. ಸುಮಾ ನೀರು ಕೊಟ್ಟು, ನಗು ತಡೆಯಲಾರದೆ ಒಳಗೆ ಹೋದಳು.

ಆದರೆ ದಿನ ಕಳೆದ ಹಾಗೆ ಏನೋ ಆಯಿತು. ಒಂದು ಸಂಜೆ ಮಾತಿಗೆ ಏನೂ ಸಿಗದೆ, ತಿಪಟೂರಿನಲ್ಲಿ ನಾನು ಸಣ್ಣವನಿದ್ದಾಗ ಕೊಬ್ಬರಿ ಕದ್ದು ತಿಂದು, ಅದು ಕೌಟಾಗಿದ್ದರಿಂದ ಮೂರು ದಿನ ಮನೆಯ ಹಿತ್ತಲು ಬಿಟ್ಟು ಬರಲಾಗದ ಕತೆ ಹೇಳಿದೆ. ಪುಟ್ಟಿ ಕುರ್ಚಿಯಿಂದ ಬೀಳುವ ಹಾಗೆ ನಕ್ಕಳು. ಅವತ್ತಿನಿಂದ ಅವಳಿಗೂ ಬಾಯಿ ಬಂತು. ಹಸಮುಖಭಾಯಿಯ ಮಗ ಕ್ಲಾಸಿನಲ್ಲಿ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಾನಂತೆ. ವಡೋದರಾದ ಗೆಳತಿ ಈಗಲೂ ಅವಳಿಗೆ ಕನಸಿನಲ್ಲಿ ಬರುತ್ತಾಳಂತೆ, ಹೊಸ ಊರಿಗೆ ಬಂದಾಗಲೆಲ್ಲ ಮೊದಲ ತಿಂಗಳು ಟಿಫಿನ್ನು ಒಬ್ಬಳೇ ತಿನ್ನಬೇಕಾಗುತ್ತದಂತೆ. ಇದನ್ನು ಅವಳು ಉಪ್ಪಿನಕಾಯಿ ಕೇಳಿದಷ್ಟೇ ಸಲೀಸಾಗಿ ಹೇಳಿದಳು. ನಾನು ಅಷ್ಟೂ ಊರುಗಳಲ್ಲಿ ಅವಳ ಅಡ್ಮಿಷನ್ನು, ಬಸ್ಸು, ಯೂನಿಫಾರ್ಮು ಎಲ್ಲ ವಿಚಾರಿಸಿದ್ದೆ. ಟಿಫಿನ್ನು ಯಾರ ಜೊತೆ ತಿಂತೀಯಾ ಅಂತ ಕೇಳಿರಲಿಲ್ಲ. ಅವಳ ತಟ್ಟೆಗೆ ಇನ್ನೊಂದು ಹಪ್ಪಳ ಹಾಕಿದೆ, ಅಷ್ಟೇ ನನ್ನಿಂದ ಆದದ್ದು.

ಈ ನಡುವೆ ಲಿಫ್ಟಿನಲ್ಲಿ ಹಸಮುಖಭಾಯಿ ಸಿಕ್ಕರು. ಕೈಯಲ್ಲಿ ಹಗ್ಗ ಕಟ್ಟಿದ ಪುಸ್ತಕದ ಕಟ್ಟು. ನನ್ನನ್ನು ನೋಡಿ ಅದನ್ನು ಬೆನ್ನ ಹಿಂದೆ ಅಡಗಿಸಲು ನೋಡಿದರು, ಆಗಲಿಲ್ಲ. ಮೇಡಂ ಹೇಳಿದ ಮನೆಯ ಪ್ರಶ್ನೆಗಳು ಅವರಿಗೂ ತಲುಪಿದ್ದವು. ಹೊಸ ಕಪಾಟು ಮಾಡಿಸಿದ್ದಾರಂತೆ, ಅದು ತುಂಬಲು ಎಷ್ಟು ಬೇಕೋ ಅಷ್ಟು ಪುಸ್ತಕ ಕೊಡಿ ಅಂತ ಅಳತೆ ಕೊಟ್ಟು ತಂದಿದ್ದಾರಂತೆ. “ತಯಾರಿ ಅಲ್ಲ ರಾವ್‌ಭಾಯಿ, ಮನೆಗೆ ಶೋಭೆ” ಅಂದರು. ಆಮೇಲೆ ನನ್ನ ಭುಜ ತಟ್ಟಿ, “ಊಟದ ಪ್ರಶ್ನೆಯಲ್ಲಿ ಮಾತ್ರ ನಮಗೆ ಫುಲ್ ಮಾರ್ಕ್ಸು. ನಾನೂ ಮಗನೂ ಬಂದು ಕೂರದೆ ನಮ್ಮ ಬಾ ಯಾರಿಗೂ ರೊಟ್ಲಿ ಬಡಿಸುವುದಿಲ್ಲ” ಅಂದರು. ಬಾ ಅಂದರೆ ಅವರ ತಾಯಿ. ನನಗೆ ಎಷ್ಟು ಹೊಟ್ಟೆಕಿಚ್ಚಾಯಿತೆಂದರೆ ಅವತ್ತು ಬ್ಯಾಂಕಿನಿಂದ ಇನ್ನೂ ಬೇಗ ಬಂದೆ.

ಪರೀಕ್ಷೆ ಹತ್ತಿರ ಬಂತು. ಸಮಿತಿಯವನು ಅನ್ನುವ ಠೀವಿಯಲ್ಲಿ ಒಂದು ಶನಿವಾರ ಮೇಡಂ ಹತ್ತಿರ ಹೋಗಿ, “ನಮ್ಮ ಮೇಘನಾ ರೆಡಿ” ಅಂದೆ. ಮೇಡಂ ಕನ್ನಡಕ ತೆಗೆದರು. “ಮೇಘನಾ ಈ ಸಲ ಬರೆಯುವ ಹಾಗಿಲ್ಲವಲ್ಲ ರಾವ್‌ಜಿ. ಅವಳಿಗೆ ಹದಿನಾಲ್ಕು.” “ಹದಿನೈದು ನಡೀತಾ ಇದೆ ಮೇಡಂ.” “ನಡೆಯುತ್ತಿದ್ದರೆ ಆಗುವುದಿಲ್ಲ, ತುಂಬಿರಬೇಕು. ಸಭೆಯಲ್ಲೇ ಹೇಳಿದ್ದೆ. ಅವಳ ಕ್ಲಾಸಿನಲ್ಲಿ ದೊಡ್ಡ ಮಕ್ಕಳು ಕೆಲವರು ಮಾತ್ರ ಬರೆಯುತ್ತಾರೆ.”

ನಮ್ಮ ಕಡೆ ವಯಸ್ಸನ್ನು ತುಂಬಿದ ಲೆಕ್ಕದಲ್ಲಿ ಯಾರು ಹೇಳುತ್ತಾರೆ, ನೀವೇ ಹೇಳಿ. ಹುಟ್ಟುಹಬ್ಬದ ಪಾಯಸ ಆರುವ ಮೊದಲೇ ಮುಂದಿನ ವರ್ಷ ‘ನಡೀತಾ’ ಇರುತ್ತದೆ. ನಮ್ಮ ಅಜ್ಜಿ ಎಂಬತ್ತು ತುಂಬಿದ ಮಾರನೆಯ ದಿನದಿಂದ ಎಂಬತ್ತೊಂದು ಅಂತ ಹೇಳಿಕೊಂಡು ಊರವರಿಂದ ನಮಸ್ಕಾರ ಮಾಡಿಸಿಕೊಂಡವರು. ಪುಟ್ಟಿಗೆ ಹದಿನಾಲ್ಕು ತುಂಬಿದ್ದೇ ನಾನು ಅವಳಿಗೆ ಹದಿನೈದಕ್ಕೆ ಬಡ್ತಿ ಕೊಟ್ಟಿದ್ದೆ. ಬಡ್ಡಿಯನ್ನು ದಿನದ ಲೆಕ್ಕದಲ್ಲಿ ಹಾಕುವ ಬ್ಯಾಂಕಿನವನು, ಮಗಳ ವಯಸ್ಸಿನಲ್ಲಿ ಹೀಗೆ ಎಡವಿದೆ.

ಸಪ್ಪೆ ಮುಖ ಹಾಕಿಕೊಂಡು ಹೊರಬಂದೆ. ಪಾಪ, ಮಗು ಎಷ್ಟು ಆಸೆ ಇಟ್ಟುಕೊಂಡಿದೆಯೋ, ಹೇಗೆ ಹೇಳುವುದು ಅಂತ ವಸ್ತ್ರಾಪುರದ ಕೆರೆಗೆ ಒಂದು ಸುತ್ತು ಹಾಕಿದೆ. ಅವಳಿಗಿಷ್ಟವಾದ ಕಡಲೆಹಿಟ್ಟಿನ ತಿಂಡಿ ಖಮನ್ ಕಟ್ಟಿಸಿಕೊಂಡೆ. ಊಟಕ್ಕೆ ಕೂತಾಗ ಗಂಟಲು ಸರಿಮಾಡಿಕೊಂಡು, “ಪುಟ್ಟಿ, ಬೇಜಾರು ಮಾಡ್ಕೋಬಾರದು. ಆ ಪರೀಕ್ಷೆ ಇದೆಯಲ್ಲ, ಅದಕ್ಕೆ ಹದಿನೈದು ತುಂಬಿರಬೇಕಂತೆ” ಅಂದೆ.

ಅಮ್ಮ ಮಗಳು ಮುಖ ಮುಖ ನೋಡಿಕೊಂಡರು. “ಗೊತ್ತು” ಅಂದಳು ಪುಟ್ಟಿ.

“ಗೊತ್ತಾ? ಯಾವಾಗಿಂದ?”

“ಮೀಟಿಂಗ್ ದಿನದಿಂದ. ಅಮ್ಮ ಹೇಳಿದ್ಳು.”

ಸುಮಾ ಕಡೆ ತಿರುಗಿದೆ. “ನಾನು ಅಲ್ಲೇ ತೋಳು ಹಿಡಿದು ಹೇಳೋಕೆ ಬಂದೆ. ಆಮೇಲೆ ಹೇಳು ಅಂದ್ರಿ. ಆಮೇಲೆ ಅಂದರೆ ಯಾವಾಗ ಅಂತ ನೀವು ಹೇಳಲಿಲ್ಲ” ಅಂದಳು, ಮೊಸರು ಬಡಿಸುತ್ತಾ.

“ಮತ್ತೆ ನೀನಾದರೂ ಹೇಳಬಾರದಾಗಿತ್ತಾ ಪುಟ್ಟಿ? ಇಷ್ಟು ದಿನ ಈ ಪೆಟ್ಟಿಗೆ ಬಿಚ್ಚಿ, ಮೇಜು ಖಾಲಿ ಮಾಡಿ, ಬ್ಯಾಂಕಿನಿಂದ ಓಡಿ ಓಡಿ ಬಂದು...”

ಪುಟ್ಟಿ ಸ್ವಲ್ಪ ಹೊತ್ತು ಯೋಚಿಸಿದಳು. ಅನ್ನ ಕಲಸುತ್ತಿದ್ದ ಕೈ ನಿಂತಿತು. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. “ಹೇಳಿದ್ರೆ ನೀನು ಊಟಕ್ಕೆ ಬರ್ತಿರ್ಲಿಲ್ಲ ಅಲ್ವಾ ಅಪ್ಪಾ?”

ಕಣ್ಣು ತುಂಬಿಕೊಂಡಿತು. ಖಮನ್‌ನ ಹಸಿಮೆಣಸಿನಕಾಯಿ ಖಾರ ಅಂತ ಹೇಳಿದೆ. ನಾನಿನ್ನೂ ಖಮನ್ ಮುಟ್ಟಿಯೇ ಇರಲಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಪುಟ್ಟಿಯೇ ಮಾತು ಮುಂದುವರಿಸಿದಳು. “ಮುಂದಿನ ವರ್ಷ ನನಗೆ ಹದಿನೈದು ಸಚ್‌ಮುಚ್ ತುಂಬುತ್ತೆ. ಸ್ಕೂಲು ಮತ್ತೆ ಸೇರಿದ್ರೆ ನಾನು ಬರೀಬೇಕಾಗುತ್ತೆ. ನಿನ್ನ ಪ್ರಿಪರೇಷನ್ ಮಧ್ಯದಲ್ಲಿ ಬಿಡಬೇಡ.”

ಹೀಗಾಗಿ, ಒಂದೊಂದು ಶಾಲೆಯೂ ಇಂಥ ಪರೀಕ್ಷೆಗೆ ಸೇರಬೇಕೇ ಬೇಡವೇ ಅಂತ ಈಗ ಯಾರಾದರೂ ಕೇಳಿದರೆ ನಾನು ನ್ಯಾಯವಾಗಿ ಉತ್ತರ ಕೊಡುವ ಸ್ಥಿತಿಯಲ್ಲಿಲ್ಲ. ಅದರಿಂದ ಶಾಲೆಗೆ ಏನು ಗೊತ್ತಾಯಿತೋ, ಸಿಂಗಾಪುರದ ಮುಂದೆ ನಾವು ಎಷ್ಟು ತೂಗಿದೆವೋ ಮೇಡಂ ಹೇಳುತ್ತಾರೆ. ಟೀಚರುಗಳಿಗೆ ಇನ್ನೊಂದು ಹೊರೆ ಅನ್ನುವವರ ಮಾತಿನಲ್ಲೂ ಸತ್ಯವಿದೆ. ಹಸಮುಖಭಾಯಿ ಎಮಾ ಫಾಯ್ದೊ ಶು ಅಂತ ಇನ್ನೂ ಕೇಳುತ್ತಲೇ ಇದ್ದಾರೆ. ಅವರ ಮನೆಯ ಕಪಾಟಿನಿಂದ ಬಾ ಒಂದು ಪುಸ್ತಕ ತೆಗೆದು ದಿನಾ ಮಧ್ಯಾಹ್ನ ಓದುತ್ತಾರೆ ಅಂತ ಕೇಳಿದೆ. ನನ್ನ ಮಟ್ಟಿಗೆ, ಪರೀಕ್ಷೆಯನ್ನೇ ಬರೆಯದ ಮಗಳು ನನ್ನನ್ನು ಪರೀಕ್ಷೆಗೆ ಕೂರಿಸಿದ್ದಾಳೆ. ಪ್ರತಿ ಸಂಜೆಯೂ ಪೇಪರು ಇದೆ.

ಮೊನ್ನೆ ಮತ್ತೆ ಶಾಲೆಯಲ್ಲಿ ಸಭೆ. ಮುಂದಿನ ವರ್ಷವೂ ಸೇರೋಣವೇ ಅಂತ ಚರ್ಚೆ. ಮೇಡಂ ನನ್ನ ಕಡೆಯೇ ನೋಡುತ್ತಾ, “ಯಾರಾದರೂ ಎರಡು ಮಾತು?” ಅಂದರು. ಬಲಗೈ ಏಳುವುದರಲ್ಲಿತ್ತು, ಅಷ್ಟರಲ್ಲಿ ಸುಮಾ ತೋಳು ಹಿಡಿದು ಎಳೆದಳು. ಈ ಸಲ ಬಿಡಿಸಿಕೊಳ್ಳಲಿಲ್ಲ. ಕೈ ಇಳಿಸಿ, ಅವಳ ಕಡೆ ಬಾಗಿ, “ಏನು ಹೇಳು” ಅಂದೆ.

“ಏನಿಲ್ಲ. ಕೇಳ್ತೀರೋ ಇಲ್ವೋ ಅಂತ ನೋಡಿದೆ” ಅಂದಳು.

“ಎಷ್ಟು ಮಾರ್ಕ್ಸು?” ಅಂತ ಪಿಸುಗುಟ್ಟಿದೆ.

“ಈ ಪರೀಕ್ಷೇಲಿ ಮಾರ್ಕ್ಸ್ ಕೊಡಲ್ಲ ರೀ” ಅಂದಳು. ತೋಳು ಮಾತ್ರ ಬಿಡಲಿಲ್ಲ.